ನಡೆಯುವುದನ್ನು ನಿಲ್ಲಿಸಬೇಡಿ
ದಿನವಿಡೀ ಲ್ಯಾಪ್‌ಟಾಪ್ ಮುಂದೆ ಕೂರುವವಳು ನಾನು. ಆರನೇ ತಿಂಗಳಲ್ಲಿ 75 ಗ್ರಾಂ ಗ್ಲೂಕೋಸ್ ಕುಡಿಸಿ, ಎರಡು ಗಂಟೆ ಬಿಟ್ಟು ರಕ್ತ ಪರೀಕ್ಷಿಸಿದಾಗ ಸಕ್ಕರೆ 152 ಬಂತು. 140 ಮುಟ್ಟಿದರೇ ಗರ್ಭಾವಸ್ಥೆಯ ಮಧುಮೇಹ. "ಬಸುರಿ, ಹೆಚ್ಚು ಓಡಾಡಬೇಡ" ಎಂದು ಊರಿಂದ ಅಮ್ಮನ ಫೋನು. ವೈದ್ಯರು ಹೇಳಿದ್ದು ಬೇರೆ: ಗರ್ಭದ ಹಾರ್ಮೋನುಗಳು ಇನ್ಸುಲಿನ್‌ಗೆ ಅಡ್ಡಬರುತ್ತವೆ; ನಡೆದರೆ ಸ್ನಾಯುಗಳು ಸಕ್ಕರೆ ಬಳಸಿಕೊಳ್ಳುತ್ತವೆ.

ಅನ್ನ ಕಡಿಮೆ ಮಾಡಿ, ಊಟವಾದ ಮೇಲೆ ಸೊಸೈಟಿ ಅಂಗಳದಲ್ಲಿ 15 ನಿಮಿಷ ನಡೆದೆ. ಸಕ್ಕರೆ ಹಿಡಿತಕ್ಕೆ ಬಂತು. ಎಲ್ಲರಿಗೂ ಅಷ್ಟೇ ಸಾಲದು. ಇನ್ಸುಲಿನ್ ಬೇಕಾದರೆ ನಾಚಿಕೆ ಬೇಡ.

ಎಡವಿದ್ದು ಹೆರಿಗೆಯ ನಂತರ. ಆರನೇ ವಾರ ಮಗಳಿಗೆ ಲಸಿಕೆ ಹಾಕಿಸಿದೆ, ನನ್ನ ಸಕ್ಕರೆ ಪರೀಕ್ಷೆ ಮರೆತೆ. ಎರಡು ವರ್ಷ ಬಿಟ್ಟು ಮಾಡಿಸಿದರೆ ಮಧುಮೇಹದ ಗಡಿಯಲ್ಲಿದ್ದೆ. ಈಗ ಮತ್ತೆ ನಡೆಯುತ್ತಿದ್ದೇನೆ. ನೀವು ಮರೆಯಬೇಡಿ.