ಓಣಿಗೆ ಗೊತ್ತಿರುವುದು ಠಾಣೆಗೂ ಗೊತ್ತಾಗಲಿ
(ಯಲಬುರ್ಗಾದಲ್ಲಿ ಮಹಿಳಾ ಸಂಘಗಳ ಸಭೆಯಲ್ಲಿ ಆಡಿದ ಮಾತು)



ಪೊಲೀಸರಿಗೆ ಜನರ ಸಹಕಾರ ಬೇಕು ಎಂಬ ಮಾತನ್ನು ಎಲ್ಲ ಸಭೆಗಳಲ್ಲೂ ಕೇಳುತ್ತೇವೆ. ಸಹಕಾರ ಎಂದರೆ ಕಳ್ಳರ ಸುಳಿವು ಕೊಡುವುದು, ಜಾತ್ರೆಯಲ್ಲಿ ಗದ್ದಲವಾಗದಂತೆ ನೋಡಿಕೊಳ್ಳುವುದು. ಗೋಡೆಯಾಚೆ ಸೊಸೆಗೆ ಹೊಡೆಯುವ ಸದ್ದು ಮಾತ್ರ 'ಅವರ ಮನಿ ವಿಷಯ'.

ಆ ಸದ್ದು ಮೊದಲು ಕೇಳುವುದು ಯಾರಿಗೆ? ಯಲಬುರ್ಗಾ, ಕುಕನೂರು, ಬೇವೂರು ಠಾಣೆಗಳ ಪೇದೆಗಳಿಗಲ್ಲ, ನಮಗೆ. ಗಿರಣಿಯ ಮುಂದೆ, ನಳದ ಹತ್ತಿರ, ಕಳೆ ತೆಗೆಯುವ ಸಾಲಿನಲ್ಲಿ ಎಲ್ಲ ಗೊತ್ತಾಗುತ್ತದೆ. ತವರಿನಿಂದ ರೊಕ್ಕ ತಾ ಎಂದು ಯಾರನ್ನು ಹೊರಗೆ ಹಾಕಿದರು, ಯಾರ ಬೆನ್ನ ಮೇಲೆ ಬಾಸುಂಡೆ ಎದ್ದಿದೆ, ಎಲ್ಲವೂ.

ಮದುವೆಯಾಗಿ 7 ವರ್ಷದೊಳಗೆ ಹೆಣ್ಣುಮಗಳು ಸುಟ್ಟೋ ಬಾವಿಗೆ ಬಿದ್ದೋ ಸತ್ತರೆ, ಪಂಚನಾಮೆಗೆ ತಹಶೀಲ್ದಾರರು ಬರುತ್ತಾರೆ. ವರದಕ್ಷಿಣೆ ಸಾವು 1986ರಲ್ಲಿ ಪ್ರತ್ಯೇಕ ಅಪರಾಧವಾಯಿತು. 2024ರ ಜುಲೈ 1ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ 80ನೇ ಕಲಂ. ಸಾವಿಗೆ ಸ್ವಲ್ಪ ಮುಂಚೆ ವರದಕ್ಷಿಣೆಗಾಗಿ ಹಿಂಸೆ ನಡೆದಿತ್ತೆಂದು ತೋರಿಸಬೇಕು. ತವರಿನವರು ದೂರದ ಊರಿನವರು. ಕಂಡವರು ಓಣಿಯವರು. ಅಂದು ಓಣಿಯೇ 'ನಮಗೇನೂ ಗೊತ್ತಿಲ್ರಿ' ಎಂದರೆ ಕೇಸು ಅಲ್ಲೇ ಸಡಿಲಾಗುತ್ತದೆ.

ಸಾಯುವತನಕ ಏಕೆ ಕಾಯಬೇಕು? 2005ರ ಕೌಟುಂಬಿಕ ಹಿಂಸೆ ಕಾಯ್ದೆಯ 4ನೇ ಕಲಮಿನಂತೆ ಯಾರು ಬೇಕಾದರೂ ಸಂರಕ್ಷಣಾಧಿಕಾರಿಗೆ ಸುದ್ದಿ ಕೊಡಬಹುದು. ಒಳ್ಳೆಯ ಮನಸ್ಸಿನಿಂದ ಕೊಟ್ಟರೆ ಅವರ ಮೇಲೆ ಕೇಸು ಬರುವುದಿಲ್ಲ. ತಾಲ್ಲೂಕಿನಲ್ಲಿ ಈ ಅಧಿಕಾರಿ ಎಂದರೆ ಶಿಶು ಅಭಿವೃದ್ಧಿ ಯೋಜನಾಧಿಕಾರಿ; ಅಂಗನವಾಡಿ ಅಕ್ಕನಿಗೆ ಆ ಕಚೇರಿ ಹೊಸದಲ್ಲ. ರಾತ್ರಿಯಾದರೆ 112 ಇದೆ, 181 ಇದೆ.

2008ರಲ್ಲಿ 'ಬೆಲ್ ಬಜಾವೊ' ಎಂಬ ಪ್ರಚಾರ ನಡೆಯಿತು: ಪಕ್ಕದ ಮನೆಯಲ್ಲಿ ಹೊಡೆತದ ಸದ್ದು ಕೇಳಿದರೆ ಹೋಗಿ ಬೆಲ್ ಒತ್ತಿ. ನಮ್ಮ ಮನೆಗಳಿಗೆ ಬೆಲ್ ಎಲ್ಲಿ? ಚಿಲಕ ಇದೆ. ಹೆಪ್ಪು ಬೇಕಿತ್ತವ್ವಾ ಎಂದು ನಾಲ್ಕು ಜನ ಹೋಗಿ ಬಾಗಿಲಲ್ಲಿ ನಿಂತರೆ ಎತ್ತಿದ ಕೈ ತಡೆಯುತ್ತದೆ. ಒಬ್ಬಳೇ ಹೋಗಬೇಡಿ.

2017ರಲ್ಲಿ ರಾಜ್ಯದ ಪೊಲೀಸರು ಸುಧಾರಿತ ಬೀಟ್ ವ್ಯವಸ್ಥೆ ತಂದರು. ಒಬ್ಬೊಬ್ಬ ಪೇದೆಗೆ ಇಂತಿಷ್ಟು ಪ್ರದೇಶ, ಜೊತೆಗೆ ಊರವರ ಸಮಿತಿ. ಆ ಸಮಿತಿಯಲ್ಲಿ ಕೂಡುವವರು ಯಾರು ಎಂಬುದೇ ನನ್ನ ತಕರಾರು. ಪಂಚಾಯ್ತಿ ಕಟ್ಟೆಯ ಮೇಲೆ 'ಹೊಂದಿಕೊಂಡು ಹೋಗವ್ವ' ಎನ್ನುವ ಹಿರಿಯರೇ ಅಲ್ಲೂ ಕೂತರೆ ಹುಡುಗಿಗೆ ಠಾಣೆ ಇನ್ನೂ ದೂರವಾಗುತ್ತದೆ. 2017ರ ಜುಲೈನಲ್ಲಿ ಸುಪ್ರೀಂ ಕೋರ್ಟೇ 498ಎ ದೂರುಗಳನ್ನು ಮೊದಲು ಕುಟುಂಬ ಕಲ್ಯಾಣ ಸಮಿತಿ ನೋಡಲಿ ಎಂದಿತ್ತು. 2018ರಲ್ಲಿ ಅದನ್ನು ತಾನೇ ತೆಗೆದುಹಾಕಿತು. 2025ರಲ್ಲಿ ಅಲಹಾಬಾದ್ ಹೈಕೋರ್ಟಿನ ಅಂಥದೇ ಮಾರ್ಗಸೂಚಿಯನ್ನು ಒಪ್ಪಿತು. ಸಮಾಜದ ಬಲ ಹೆಣ್ಣುಮಗಳ ಬೆನ್ನಿಗೆ ಇರಬೇಕು. ಅವಳಿಗೂ ಠಾಣೆಗೂ ನಡುವೆ ಗೋಡೆಯಾಗಬಾರದು.

ಮಹಿಳಾ ಸಮಖ್ಯಾದ ನಾರಿ ಅದಾಲತ್‌ಗಳಲ್ಲಿ ಕೂತು ಎರಡೂ ಕಡೆಯ ಮಾತು ಕೇಳಲು ಕಲಿತ ಹೆಂಗಸರು ನಮ್ಮ ಭಾಗದಲ್ಲಿದ್ದಾರೆ. ಕಾರ್ಯಕ್ರಮ ನಿಂತರೂ ಕಲಿತದ್ದು ಹೋಗುವುದಿಲ್ಲ. ಮುಂದಿನ ಬೀಟ್ ಸಭೆಗೆ ಅವರನ್ನು ಮುಂದಿಟ್ಟುಕೊಂಡು ಹೋಗೋಣ, ಸಮಿತಿಯ ಪಟ್ಟಿಯಲ್ಲಿ ಹೆಸರು ಬರೆಸೋಣ. ಸಂಘದ ಪುಸ್ತಕದ ಕೊನೆಯ ಹಾಳೆಯಲ್ಲಿ ಏಟು ಬಿದ್ದ ತಾರೀಖು, ಆಸ್ಪತ್ರೆ ಚೀಟಿಯ ನಂಬರು ಬರೆದಿಡಿ. ಠಾಣೆಗೆ ಹೋದರೆ ಎಫ್‌ಐಆರ್ ಪ್ರತಿ ಕೇಳಿ, ಅದಕ್ಕೆ ದುಡ್ಡಿಲ್ಲ.