ಡಬ್ಬಿದಾಗ ಏನದ ಅಂತ ಕೇಳ್ರಿ

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



"ನೀನೂ ನಾಲ್ಕು ಮಾತು ಹೇಳಬೇಕವ್ವಾ" ಅಂತ ಸಂಘದ ಅಣ್ಣಂದಿರು ಅಂದಾಗ, ಬಾಬಾಸಾಹೇಬರ ಬಗ್ಗೆ ಮಾತಾಡೋಣ ಅಂತ ಮೊದಲು ಅನ್ನಿಸಿತು. ಆದರೆ ಅವರ ಬಗ್ಗೆ ನನಗಿಂತ ಚೆನ್ನಾಗಿ ಹೇಳುವ ಹಿರಿಯರು ಇಲ್ಲೇ ಕೂತಿದ್ದಾರೆ. ಅದಕ್ಕೇ ನಾನು ನಮ್ಮ ಮನೆಯ ಒಂದು ಡಬ್ಬಿಯ ಬಗ್ಗೆ ಮಾತಾಡುತ್ತೇನೆ. ಡಬ್ಬಿ ಇಲ್ಲೇ ತಂದೀನಿ, ನೋಡ್ರಿ. ಈಗ ಇದರಲ್ಲಿ ನಮ್ಮವ್ವ ಸೂಜಿ-ದಾರ ಇಡ್ತಾಳ. ಮೂರು ವರ್ಷದ ಹಿಂದೆ ಇದರಲ್ಲಿ ಪುಡಿ ಇತ್ತು.

ನಿಮಗೂ ನೆನಪಿರಬಹುದು. ಒಂದು ಜೀಪು ಭೋಂಗಾ ಕಟ್ಟಿಕೊಂಡು ನಮ್ಮ ಓಣಿಗೆ ಬಂದಿತ್ತು. ಶುಗರ್, ಬಿಪಿ, ಮೊಳಕಾಲು ಬ್ಯಾನಿ, ಲಕ್ವಾ, ಮೂಲವ್ಯಾಧಿ, ಎಲ್ಲಕ್ಕೂ ಒಂದೇ ಪುಡಿ, ಮೂರು ತಿಂಗಳಲ್ಲಿ ಕಾಯಂ ಗುಣ, ಗ್ಯಾರಂಟಿ ಅಂತ ಕೂಗುತ್ತಿತ್ತು. ನಮ್ಮ ಆಯಿಗೆ ಎಂಟು ವರ್ಷದಿಂದ ಶುಗರ್. ಒಂದು ಡಬ್ಬಿಗೆ 1,500 ರೂಪಾಯಿ. ಮೂರು ಡಬ್ಬಿ ತಗೊಂಡಳು, 4,500 ಆಯಿತು. ಆಗ ಸೋಯಾಬೀನ್ ಕಳೆ ತೆಗೆಯಲು ಹೋದರೆ ದಿನಕ್ಕೆ 250 ಕೂಲಿ. ಅಂದರೆ ಹದಿನೆಂಟು ದಿನ ಬಿಸಿಲಲ್ಲಿ ಬಗ್ಗಿ ದುಡಿದದ್ದು ಮೂರು ಡಬ್ಬಿಗೆ ಹೋಯಿತು. ರೊಕ್ಕ ಹೋದದ್ದು ದೊಡ್ಡದಲ್ಲ. "ಇಂಗ್ಲಿಷ್ ಗುಳಿಗಿ ಇವತ್ತಿನಿಂದ ಬಂದ್ ಮಾಡ್ರಿ, ಇಲ್ಲಾಂದ್ರ ನಮ್ಮ ಔಷಧಿ ಹತ್ತಂಗಿಲ್ಲ" ಅಂತ ಅವನು ಹೇಳಿಹೋದ. ಆಯಿ ಬಂದ್ ಮಾಡಿದಳು. ಎರಡು ತಿಂಗಳಿಗೆ ಚಪ್ಪಲಿ ತಿಕ್ಕಿ ಆದ ಸಣ್ಣ ಗಾಯ ಕಪ್ಪಾಯಿತು. ಸೋಲಾಪುರಕ್ಕೆ ಒಯ್ದೆವು. ಕಾಲಿನ ಎರಡು ಬೆರಳು ತೆಗೆದರು. ಆಯಿ ಮುಂದಿನ ಸಾಲಿನಲ್ಲೇ ಕೂತಿದ್ದಾಳೆ. ಅವಳನ್ನು ಕೇಳೇ ನಾನು ಇದನ್ನೆಲ್ಲಾ ಹೇಳ್ಲತ್ತೀನಿ.

ಆಗ ನನಗೆ ಬಹಳ ಸಿಟ್ಟು ಬಂದಿತ್ತು. "ಅಷ್ಟು ಸುಲಭ ಹ್ಯಾಂಗ ನಂಬಿದಿ ಆಯಿ?" ಅಂತ ಜೋರಾಗೇ ಕೇಳಿದೆ. ಆಯಿ ಹೇಳಿದ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ. "ದವಾಖಾನಿದಾಗ ನನ್ನ ಮಾರಿ ನೋಡಲಾರದೇ ಚೀಟಿ ಬರೀತಾರವ್ವಾ. ಆ ಮನಷ್ಯಾ ನಮ್ಮ ಕಟ್ಟಿ ಮ್ಯಾಲ ಕುಂತ. ನಮ್ಮ ಮನಿ ಚಾ ಕುಡದ. ಆಯಿ ಅಂತ ಕರದ. ನನ್ನ ಕಾಲು ಕೈಲೆ ಮುಟ್ಟಿ ನೋಡದ."

ಕಟ್ಟಿ ಮೇಲೆ ಕೂತು ಚಹಾ ಕುಡಿಯುವುದು ಅಂದರೆ ನಮ್ಮ ಓಣಿಯಲ್ಲಿ ಏನರ್ಥ ಅಂತ ನಿಮಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಆಯಿ ದಡ್ಡಿ ಅಲ್ಲ. ಅವಳಿಗೆ ಬೇಕಾದ ಒಂದು ವಸ್ತು ಬೇರೆ ಎಲ್ಲೂ ಸಿಗಲಿಲ್ಲ, ಅವನ ಹತ್ತಿರ ಸಿಕ್ಕಿತು. ಅದರ ಜೋಡಿ ಅವನು ಪುಡಿಯನ್ನೂ ಮಾರಿದ.

ಬಿ.ಎ.ಗೆ ನಾನು ಇತಿಹಾಸ ತಗೊಂಡಿದ್ದೇನೆ. ರಾಣಿ ವಿಕ್ಟೋರಿಯಾ ಕಾಲ, ಅಂದರೆ 1837ರಿಂದ 1901ರ ತನಕದ ಇಂಗ್ಲೆಂಡಿನ ಬಗ್ಗೆ ಓದುವಾಗ ನನಗೆ ನಮ್ಮ ಓಣಿಗೆ ಬಂದ ಜೀಪೇ ಕಂಡಿತು. ನಮ್ಮನ್ನು ಆಳಿದವರು, ರೈಲು ಓಡಿಸಿದವರು, ಅವರ ಊರಲ್ಲೂ ಇದೇ ನಡೆದಿತ್ತು. ಆ ಔಷಧಿಗಳಿಗೆ ಪೇಟೆಂಟ್ ಔಷಧಿ ಅನ್ನುತ್ತಿದ್ದರು. ಹೆಸರು ಹಾಗಿದ್ದರೂ ಬಹಳಷ್ಟಕ್ಕೆ ಪೇಟೆಂಟ್ ಇರಲೇ ಇಲ್ಲ. ಪೇಟೆಂಟ್ ಬೇಕಾದರೆ ಒಳಗೆ ಏನಿದೆ ಅಂತ ಬರೆದು ಕೊಡಬೇಕು. ಅದನ್ನೇ ಅವರು ಮುಚ್ಚಿಡುತ್ತಿದ್ದರು.

ಥಾಮಸ್ ಬೀಚಮ್ ಅಂತ ಒಬ್ಬ. ಹುಡುಗನಿದ್ದಾಗ ಕುರಿ ಕಾಯುತ್ತಿದ್ದ, ಆಮೇಲೆ ಸಂತೆಯಲ್ಲಿ ನಿಂತು ಗುಳಿಗಿ ಮಾರಿದ. "ಈ ಡಬ್ಬಿಯ ಬೆಲೆ ಒಂದು ಗಿನಿಗೆ ಸಮ" ಅನ್ನುವುದು ಅವನ ಜಾಹೀರಾತು. ಗಿನಿ ಅಂದರೆ 21 ಶಿಲ್ಲಿಂಗ್. ದೊಡ್ಡ ಡಾಕ್ಟರರ ಫೀಸು ಗಿನಿಯ ಲೆಕ್ಕದಲ್ಲೇ ಇರುತ್ತಿತ್ತು. ಗಿರಣಿಯಲ್ಲಿ ದುಡಿಯುವ ಬಡವನಿಗೆ ಅದು ಎಲ್ಲಿಂದ ಬರಬೇಕು? ಬೀಚಮ್‌ನ ಡಬ್ಬಿ ಒಂದು ಶಿಲ್ಲಿಂಗ್ ಒಂದೂವರೆ ಪೆನ್ನಿಗೆ ಸಿಗುತ್ತಿತ್ತು. 1909ರಲ್ಲಿ ಬ್ರಿಟಿಷ್ ವೈದ್ಯರ ಸಂಘ ಇಂಥ ಗುಟ್ಟಿನ ಔಷಧಿಗಳನ್ನೆಲ್ಲ ತಪಾಸಣೆ ಮಾಡಿಸಿ ಪುಸ್ತಕ ಮಾಡಿತು. ಬೀಚಮ್‌ನ ಗುಳಿಗಿಯಲ್ಲಿ ಸಿಕ್ಕಿದ್ದು ಲೋಳೆಸರದ ಅಂಟು, ಶುಂಠಿ, ಸಾಬೂನು. ಒಂದು ಡಬ್ಬಿಯ ಒಳಗಿನ ಮಾಲಿಗೆ ಬಿದ್ದ ಖರ್ಚು ಅರ್ಧ ಫಾರ್ದಿಂಗ್, ಅಂದರೆ ಒಂದು ಪೆನ್ನಿಯ ಎಂಟನೇ ಒಂದು ಪಾಲು. ಮಾರಿದ ಬೆಲೆ ಅದರ ನೂರು ಪಟ್ಟಿಗಿಂತ ಹೆಚ್ಚು. ಅದನ್ನು ತಿಂದರೆ ಹೊಟ್ಟೆ ಸಡಿಲ ಆಗುವುದು ಖರೆ. ಆದರೆ ಜಾಹೀರಾತು ಅಷ್ಟಕ್ಕೇ ನಿಲ್ಲುತ್ತಿರಲಿಲ್ಲ.

ಥಾಮಸ್ ಹಾಲೊವೇ ಅಂತ ಇನ್ನೊಬ್ಬ. ಅವನು 1842ರಲ್ಲಿ ಜಾಹೀರಾತಿಗೆ ವರ್ಷಕ್ಕೆ 5,000 ಪೌಂಡ್ ಸುರಿಯುತ್ತಿದ್ದ. 1883ರಲ್ಲಿ ಸಾಯುವ ಹೊತ್ತಿಗೆ ಅದು 50,000 ಪೌಂಡ್ ಆಗಿತ್ತು. ಅವನ ಗುಳಿಗಿ, ಮುಲಾಮು ಹಡಗು ಹತ್ತಿ ನಮ್ಮ ದೇಶಕ್ಕೂ ಬಂದವು. ಆ ರೊಕ್ಕದಲ್ಲಿ ಕಟ್ಟಿದ ಹೆಣ್ಣುಮಕ್ಕಳ ಕಾಲೇಜನ್ನು 1886ರಲ್ಲಿ ರಾಣಿಯೇ ಬಂದು ಉದ್ಘಾಟನೆ ಮಾಡಿದಳು.

ಅಲ್ಲಿನ ಸರಕಾರ ಏನು ಮಾಡುತ್ತಿತ್ತು? ಇಂಥ ಡಬ್ಬಿಗಳ ಮೇಲೆ 1783ರಿಂದಲೇ ತೆರಿಗೆ ಹಾಕಿತ್ತು. ತೆರಿಗೆ ಕಟ್ಟಿದ ಗುರುತಿಗೆ ಡಬ್ಬಿ ಮೇಲೆ ಸರಕಾರಿ ಸ್ಟ್ಯಾಂಪ್ ಅಂಟಿಸಬೇಕು. ಜನ ಅದನ್ನು ನೋಡಿ, ಸರಕಾರವೇ ಒಪ್ಪಿದ ಔಷಧಿ ಅಂತ ತಿಳಿದರು. ನಮ್ಮ ಈ ಡಬ್ಬಿ ಮೇಲೂ ಗುಂಡಗೆ ಬಂಗಾರ ಬಣ್ಣದ ಒಂದು ಶಿಕ್ಕಾ ಇದೆ. ಆಯಿಯೂ ಅದನ್ನು ಸರಕಾರದ್ದೇ ಅಂತ ತಿಳಿದಿದ್ದಳು.

ಎಲ್ಲಕ್ಕಿಂತ ಕೆಟ್ಟದ್ದು ಕೂಸುಗಳ ಔಷಧಿ. ಅಮೆರಿಕದಲ್ಲಿ ಮಿಸೆಸ್ ವಿನ್ಸ್ಲೋ ಅನ್ನುವ ಹೆಸರಿನ ಸಿರಪ್ ಇತ್ತು. ಹಲ್ಲು ಮೂಡುವ ಕೂಸು ಅಳಬಾರದು ಅಂತ ಕುಡಿಸುತ್ತಿದ್ದರು. ಅದರಲ್ಲಿ ಮಾರ್ಫಿನ್ ಇತ್ತು. ಇಂಗ್ಲೆಂಡಿನ ಗಾಡ್‌ಫ್ರೇ ಕಾರ್ಡಿಯಲ್‌ನಲ್ಲಿ ಅಫೀಮು ಇತ್ತು. ಎಷ್ಟೋ ಕೂಸುಗಳು ಮಲಗಿದವು ಮತ್ತೆ ಏಳಲಿಲ್ಲ. ಆ ತಾಯಂದಿರನ್ನು ಬೈಯುವುದು ಸುಲಭ. ನಮ್ಮ ಮುಂಬಯಿ ಗಿರಣಿಗಳಲ್ಲಿ ದುಡಿಯುತ್ತಿದ್ದ ತಾಯಂದಿರೂ ಬಾಳಗೋಳಿ ಅನ್ನುವ ಅಫೀಮಿನ ಗುಳಿಗಿ ಕೊಟ್ಟು, ಕೂಸು ಮಲಗಿಸಿ ಪಾಳಿಗೆ ಹೋಗುತ್ತಿದ್ದರು. ಕೂಸು ನೋಡಿಕೊಳ್ಳುವವರು ಯಾರೂ ಇರಲಿಲ್ಲ. ಕಬ್ಬು ಕಡಿಯಲು ಹೋಗಿ, ಫಡದಲ್ಲಿ ಕೂಸು ಮಲಗಿಸಿ ಬಂದ ಅಕ್ಕಂದಿರು ಇಲ್ಲೂ ಇದ್ದಾರೆ. ಅವರಿಗೆ ಈ ಕಷ್ಟ ಗೊತ್ತು.

ಹಾಗಾದರೆ ಖರೆ ಔಷಧಿ ಯಾವುದು ಅಂತ ತಿಳಿಯುವುದು ಹ್ಯಾಂಗ? ಅದೇ ವಿಕ್ಟೋರಿಯಾ ಕಾಲದ ಕಡೆಯ ವರ್ಷಗಳಲ್ಲಿ, ನಮ್ಮ ಮುಂಬಯಿಯಲ್ಲೇ ಅದಕ್ಕೆ ಉತ್ತರ ಇದೆ. 1896ರಲ್ಲಿ ಅಲ್ಲಿ ಪ್ಲೇಗು ಬಂತು. ಹಾಫ್ಕಿನ್ ಅನ್ನುವ ವಿಜ್ಞಾನಿ ಲಸಿಕೆ ಮಾಡಿ, 1897ರ ಜನವರಿ 10ರಂದು ಮೊದಲು ತನ್ನ ಮೈಗೇ ಚುಚ್ಚಿಕೊಂಡ. ಆಮೇಲೆ ಬೈಕುಳಾ ಜೈಲಿನಲ್ಲಿ ಒಪ್ಪಿದ ಕೈದಿಗಳಿಗೆ ಹಾಕಿ, ಹಾಕಿಸಿಕೊಂಡವರಲ್ಲಿ ಎಷ್ಟು ಜನ ಬಿದ್ದರು, ಹಾಕಿಸಿಕೊಳ್ಳದವರಲ್ಲಿ ಎಷ್ಟು ಜನ ಬಿದ್ದರು ಅಂತ ಎಣಿಸಿದರು. ಮರುವರ್ಷ ನಮ್ಮ ಕನ್ನಡ ನಾಡಿನ ಹುಬ್ಬಳ್ಳಿಯಲ್ಲಿ ಸಾವಿರಾರು ಜನ ಅದನ್ನು ಹಾಕಿಸಿಕೊಂಡರು, ಅಲ್ಲೂ ಎಣಿಸಿದರು. ಜೀಪಿನವನಿಗೂ ಹಾಫ್ಕಿನ್‌ಗೂ ಫರಕ್ಕು ಇಷ್ಟೇ. ಒಬ್ಬ ಗುಣವಾದವರ ಹೆಸರು ಮಾತ್ರ ಕೂಗುತ್ತಾನೆ. ಇನ್ನೊಬ್ಬ ಗುಣವಾಗದವರನ್ನೂ ಎಣಿಸುತ್ತಾನೆ.

ಅದೇ ಪ್ಲೇಗಿನಲ್ಲಿ ಪುಣೆಯ ಹೊರಗೆ ನಮ್ಮ ಸಾವಿತ್ರಿಮಾಯಿ ತನ್ನ ಮಗ ಡಾಕ್ಟರ್ ಯಶವಂತನ ಜೊತೆ ದವಾಖಾನೆ ನಡೆಸಿದಳು. ಮುಂಢವೆಯ ಕೇರಿಯಿಂದ ಪ್ಲೇಗು ಬಡಿದ ಹುಡುಗನನ್ನು ಬೆನ್ನ ಮೇಲೆ ಹೊತ್ತು ತಂದಳು. ಆ ರೋಗ ಅವಳಿಗೂ ತಗಲಿ 1897ರ ಮಾರ್ಚ್ 10ರಂದು ತೀರಿಕೊಂಡಳು. ಮುಟ್ಟಲಾರದ ಕೇರಿಯ ಹುಡುಗನನ್ನು ಬೆನ್ನಿಗೆ ಹಾಕಿಕೊಂಡಳು, ಆದರೆ ಒಯ್ದದ್ದು ಡಾಕ್ಟರನ ಹತ್ತಿರ. ಆಯಿಗೆ ಬೇಕಾಗಿದ್ದ ಎರಡೂ ಅಲ್ಲಿದ್ದವು, ಮುಟ್ಟುವ ಕೈ ಮತ್ತು ಖರೆ ಔಷಧಿ.

ಪುಡಿ ತಿಂದರೆ ಎರಡು ದಿನಕ್ಕೇ ಮೊಳಕಾಲು ಬ್ಯಾನಿ ಕಡಿಮೆ ಆಗ್ತದಲ್ಲಾ ಅಂತ ನೀವು ಕೇಳಬಹುದು. ಆಗಬಹುದು. ಇಂಥ ಎಷ್ಟೋ ಪುಡಿಗಳಲ್ಲಿ ಹೇಳದೇ ಸ್ಟೆರಾಯ್ಡ್ ಕಲಸಿದ್ದು ತಪಾಸಣೆಯಲ್ಲಿ ಸಿಕ್ಕಿದೆ. ಅದು ಬ್ಯಾನಿ ಬೇಗ ಇಳಿಸುತ್ತದೆ, ಶುಗರ್ ಏರಿಸುತ್ತದೆ, ಎಲುಬು ಸವೆಸುತ್ತದೆ. ಇನ್ನೊಂದು ಮಾತು. ಬ್ಯಾನಿ ತಾನೇ ಏರುತ್ತದೆ, ತಾನೇ ಇಳಿಯುತ್ತದೆ. ಬಹಳ ಏರಿದಾಗ ನಾವು ಔಷಧಿ ಕೊಳ್ಳುತ್ತೇವೆ. ಆಮೇಲೆ ಇಳಿದರೆ ಹೆಸರು ಡಬ್ಬಿಗೆ ಬರುತ್ತದೆ.

ಕಾನೂನು ಇಲ್ಲ ಅಂತಲ್ಲ. 1954ರಲ್ಲೇ ಔಷಧಿ ಮತ್ತು ಮಾಂತ್ರಿಕ ಉಪಚಾರಗಳ ಜಾಹೀರಾತು ಕಾಯಿದೆ ಬಂದಿದೆ. ಶುಗರ್, ಕ್ಯಾನ್ಸರ್, ಬಿಪಿ, ಲಕ್ವಾ, ಮೂರ್ಛೆರೋಗ, ಬಿಳಿ ಕಲೆ, ಮೂತ್ರಪಿಂಡದ ಹರಳು, ಹೀಗೆ 54 ರೋಗ, ತೊಂದರೆಗಳ ಪಟ್ಟಿ ಅದರಲ್ಲಿದೆ. ಇವನ್ನು ಗುಣ ಮಾಡುತ್ತೇವೆ ಅಂತ ಜಾಹೀರಾತು ಮಾಡಿದರೆ ಮೊದಲ ಸಲ ಆರು ತಿಂಗಳ ತನಕ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ತಾಯಿತ, ಮಂತ್ರ, ಕವಚದಿಂದ ರೋಗ ಗುಣ ಅಂತ ಜಾಹೀರಾತು ಮಾಡುವುದೂ ಗುನ್ಹೆ. 2024ರ ಏಪ್ರಿಲ್‌ನಲ್ಲಿ ಪತಂಜಲಿಯಂಥ ದೊಡ್ಡ ಕಂಪನಿಯೇ ಜಾಹೀರಾತಿನ ವಿಷಯದಲ್ಲಿ ಸುಪ್ರೀಂ ಕೋರ್ಟಿನ ಮುಂದೆ ನಿಂತು ಪತ್ರಿಕೆಗಳಲ್ಲಿ ಕ್ಷಮೆ ಕೇಳಬೇಕಾಯಿತು.

ನಮ್ಮ ಮಹಾರಾಷ್ಟ್ರದಲ್ಲಿ ಇನ್ನೊಂದು ಕಾಯಿದೆ ಇದೆ. ಅದಕ್ಕಾಗಿ ವರ್ಷಗಟ್ಟಲೆ ಹೋರಾಡಿದ ಡಾ. ನರೇಂದ್ರ ದಾಭೋಲ್ಕರರನ್ನು 2013ರ ಆಗಸ್ಟ್ 20ರಂದು ಪುಣೆಯಲ್ಲಿ ಗುಂಡಿಟ್ಟು ಕೊಂದರು. ಅದೇ ವರ್ಷ ಡಿಸೆಂಬರ್‌ನಲ್ಲಿ ಜಾದುಟೋಣಾ ವಿರೋಧಿ ಕಾಯಿದೆ ಪಾಸಾಯಿತು. ಹಾವು, ಚೇಳು, ನಾಯಿ ಕಚ್ಚಿದವರನ್ನು ದವಾಖಾನೆಗೆ ಹೋಗದಂತೆ ತಡೆದು ಮಂತ್ರ ಹಾಕುವುದು, ದಾರ ಕಟ್ಟುವುದು ಅದರ ಪ್ರಕಾರ ಗುನ್ಹೆ. ಆರು ತಿಂಗಳಿಂದ ಏಳು ವರ್ಷದ ತನಕ ಜೈಲು. ಮಳೆಗಾಲದಲ್ಲಿ ಹೊಲಕ್ಕೆ ಹೋಗುವ ನಾವು ಇದನ್ನು ನೆನಪಿಡಬೇಕು. ಹಾವಿನ ವಿಷಕ್ಕೆ ಔಷಧಿ ಒಂದೇ, ದವಾಖಾನೆಯ ಇಂಜೆಕ್ಷನ್. ಹಾಫ್ಕಿನ್ ಹೆಸರಿನ ಮುಂಬಯಿ ಸಂಸ್ಥೆಯೂ ಅದನ್ನು ತಯಾರಿಸಿದೆ.

ಇನ್ನು ಮುಂದೆ ಭೋಂಗಾ ಬಂದರೆ, ಮೊಬೈಲಿನಲ್ಲಿ ಜಾಹೀರಾತು ಬಂದರೆ, ಪರಿಚಯದ ಅಕ್ಕನೇ ಡಬ್ಬಿ ಹಿಡಿದು ಬಂದರೂ ನಾಲ್ಕು ಮಾತು ಕೇಳ್ರಿ. ಡಬ್ಬಿದಾಗ ಏನದ, ಬರದೀರೇನು? ತಯಾರಿಸಿದವರ ವಿಳಾಸ, ಲೈಸನ್ಸ್ ನಂಬರು, ಬ್ಯಾಚ್ ನಂಬರು ಎಲ್ಲದ? ಬಿಲ್ ಕೊಡ್ತೀರೇನು? ಡಾಕ್ಟರ್ ಕೊಟ್ಟ ಗುಳಿಗಿ ಬಂದ್ ಮಾಡು ಅಂತ ಯಾಕ ಹೇಳ್ತೀರಿ? ನಾಲ್ಕನೆಯದಕ್ಕೆ ಉತ್ತರ ಕೇಳುತ್ತಾ ಕೂಡಬ್ಯಾಡ್ರಿ. ಗುಳಿಗಿ ಬಿಡು ಅಂದವನ ಡಬ್ಬಿ ಮುಟ್ಟಲೇಬ್ಯಾಡ್ರಿ. ನಾನು ಆಯುರ್ವೇದ ಬ್ಯಾಡ, ಇಂಗ್ಲಿಷ್ ಔಷಧಿನೇ ಬೇಕು ಅನ್ನುತ್ತಿಲ್ಲ. ಯಾವ ಔಷಧಿ ಆದರೂ ಈ ಪ್ರಶ್ನೆಗೆ ಉತ್ತರ ಕೊಡಬೇಕು ಅನ್ನುತ್ತೇನೆ.

ಕಡೆಗೆ ಸಂಘಕ್ಕೆ ಎರಡು ಮಾತು. ಸಿಟ್ಟಾಗಬ್ಯಾಡ್ರಿ. ವಿಕ್ಟೋರಿಯಾ ಕಾಲದ ಪತ್ರಿಕೆಗಳು ಈ ಮೋಸದ ಬಗ್ಗೆ ಬಹಳ ಕಾಲ ಬಾಯಿ ಬಿಡಲಿಲ್ಲ, ಯಾಕೆಂದರೆ ಅವುಗಳ ಹೊಟ್ಟೆ ತುಂಬುತ್ತಿದ್ದುದು ಅದೇ ಜಾಹೀರಾತಿನಿಂದ. ಈ ಸಲ ನಮ್ಮ ಸ್ಮರಣ ಸಂಚಿಕೆಗೂ "ಶುಗರ್ ಕಾಯಂ ಗುಣ" ಅನ್ನುವ ಅರ್ಧ ಪುಟದ ಜಾಹೀರಾತು ಬಂದಿತ್ತು. 2,000 ರೂಪಾಯಿ ಕೊಡುತ್ತೇವೆ ಅಂದಿದ್ದರು. ಪ್ರಿಂಟಿಂಗ್ ಖರ್ಚಿಗೆ ರೊಕ್ಕ ಕಡಿಮೆ ಬಿದ್ದದ್ದು ನನಗೂ ಗೊತ್ತು. ಮೀಟಿಂಗಿನಲ್ಲಿ ಹಾಕೋಣ ಅಂದವರೂ ಇದ್ದರು, ಬ್ಯಾಡ ಅಂದವರೂ ಇದ್ದರು. ಕಡೆಗೆ ವಾಪಸ್ ಕಳಿಸಿದಿರಿ. ಬಾಬಾಸಾಹೇಬರ ಫೋಟೋ ಇರುವ ಪುಸ್ತಕದಲ್ಲಿ ಆ ಡಬ್ಬಿ ಬರಲಿಲ್ಲ. ಅದಕ್ಕೆ ಆಯಿಯ ಪರವಾಗಿ ನಿಮಗೆ ಕೈಮುಗಿಯುತ್ತೇನೆ. ಇದು ಒಂದು ವರ್ಷದ ಮಾತಾಗದೇ, ಸಂಘದ ಕಾಯಂ ನಿಯಮ ಆಗಲಿ ಅಂತ ಕೇಳುತ್ತೇನೆ.

ಎರಡನೆಯದು. ಬ್ಯಾಡ ಅಂದರೆ ಸಾಲದು. ತಿಂಗಳಿಗೆ ಒಂದು ದಿನ, ಸಂಘದ ಇಬ್ಬರು ಹುಡುಗ-ಹುಡುಗಿಯರು ಓಣಿಯ ಹಿರಿಯರನ್ನು ಕರೆದುಕೊಂಡು ಸರಕಾರಿ ದವಾಖಾನೆಗೆ ಹೋಗೋಣ. ಪಾಳಿ ಹಿಡಿಯೋಣ, ಚೀಟಿ ಓದಿ ಹೇಳೋಣ. ಮಾರಿ ನೋಡದೇ ಬರೆದರೆ, "ಸಾಹೇಬ್ರ, ಒಂದು ಸಲ ಕಾಲು ನೋಡ್ರಿ" ಅಂತ ಮರ್ಯಾದೆಯಿಂದಲೇ ಕೇಳೋಣ. ಅದು ನಮ್ಮ ಹಕ್ಕು. ಒಬ್ಬಳೇ ಹೋದ ಆಯಿ ಕೇಳಲಾರಳು, ಜೊತೆಗೆ ಇಬ್ಬರಿದ್ದರೆ ಕೇಳಬಹುದು. ಮೊದಲ ತಿಂಗಳ ಪಟ್ಟಿಯಲ್ಲಿ ನನ್ನ ಹೆಸರು ಬರೆದುಕೊಳ್ಳಿ.

ಇನ್ನೊಬ್ಬರ ಹೆಸರು ಬೇಕು. ಕಾರ್ಯಕ್ರಮ ಮುಗಿದ ಮೇಲೆ ನಾನು ಇಲ್ಲೇ ಇರ್ತೀನಿ, ಬಂದು ಹೇಳ್ರಿ.

ಜೈಭೀಮ.