ಹೆಸರು ತಿಳಿಯುವ ಮೊದಲೇ ಕರಗಿದ ಬಿಳಿಮೀನು

ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ತನ್ನ ‘ಮಾನಸೋಲ್ಲಾಸ’ದಲ್ಲಿ ಗಾಳ ಹಾಕುವುದನ್ನೂ ಅರಸರ ವಿನೋದಗಳಲ್ಲಿ ಸೇರಿಸಿದ್ದಾನೆ. ಮೀನಿನ ಜಾತಿಗಳೇನು, ಯಾವುದಕ್ಕೆ ಯಾವ ಮೇವು ಎಂಬ ವಿವರವೂ ಅಲ್ಲಿದೆ. ಮಿತ್ರರೇ, ಮತ್ಸ್ಯಜ್ಞಾನ ಇಷ್ಟು ಹಳೆಯದಾದ ಈ ನಾಡಿನಲ್ಲಿ ಕಾವೇರಿಯ ಅತಿದೊಡ್ಡ ಮೀನಿನ ವೈಜ್ಞಾನಿಕ ಹೆಸರು ಖಚಿತವಾದದ್ದು 2018ರಲ್ಲಿ!

ಅದೇ ಡುಬ್ಬದ ಮಹಶೀರ್. ಹೊಳೆಯಂಚಿನವರ ಬಾಯಲ್ಲಿ ಬಿಳಿಮೀನು. ತಲೆಯ ಹಿಂದಿನಿಂದಲೇ ಏಳುವ ಡುಬ್ಬ, ಕಿತ್ತಳೆ ಛಾಯೆಯ ಈಜುರೆಕ್ಕೆಗಳು ಇದರ ಗುರುತು. ಕಾವೇರಿ ಮತ್ತು ಅದರ ಉಪನದಿಗಳನ್ನು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇದರ ನೆಲೆಯಿಲ್ಲ. 1946ರಲ್ಲಿ ಮೈಸೂರಿನ ವಾನ್ ಇಂಗನ್ ಮನೆತನದವರೊಬ್ಬರು ಕಬಿನಿಯಲ್ಲಿ ಹಿಡಿದ ಮಹಶೀರ್ 120 ಪೌಂಡ್, ಅಂದರೆ ಸುಮಾರು 54 ಕಿಲೋ ತೂಗಿತ್ತು.

ಇಂಥ ಮೀನು ಕಡಿಮೆಯಾಗಲು ಕಾರಣ ಹಲವು. ಅಣೆಕಟ್ಟುಗಳು ಅದರ ಸಂಚಾರಕ್ಕೆ ಅಡ್ಡವಾದವು. ಬೇಸಿಗೆಯಲ್ಲಿ ಹರಿವು ಸೊರಗಿತು. ಮಡುಗಳಲ್ಲಿ ಸಿಡಿಮದ್ದು ಹಾಕುವವರು ಮರಿ, ತಾಯಿ ಎಂದು ನೋಡಲಿಲ್ಲ. ಇವೆಲ್ಲ ತಿಳಿದ ಮಾತೇ. ಆದರೆ ಇನ್ನೊಂದು ಕಾರಣ ಸದುದ್ದೇಶದಿಂದಲೇ ಹುಟ್ಟಿದ್ದು.

ಮಹಶೀರ್ ಉಳಿಯಲೆಂದು ಮಹಾರಾಷ್ಟ್ರದ ಲೋನಾವಳಾದಲ್ಲಿ ಮರಿ ಮಾಡಿಸುವ ಕೆಲಸ 1970ರ ದಶಕದಲ್ಲಿ ಆರಂಭವಾಯಿತು. ಅಲ್ಲಿ ಬೆಳೆಸಿದ್ದು ನೀಲಿ ರೆಕ್ಕೆಯ ಮಹಶೀರ್; ಹತ್ತಿರದ ಬಂಧು, ಆದರೆ ಬೇರೆ ಜಾತಿ. ಎಲ್ಲ ಮಹಶೀರೂ ಒಂದೇ ಎಂಬ ಭಾವನೆಯಲ್ಲಿ ಅದರ ಮರಿಗಳನ್ನು ಕಾವೇರಿಗೂ ಬಿತ್ತಲಾಯಿತು. ಗಾಲಿಬೋರೆಯ ಗಾಳದ ಶಿಬಿರದಲ್ಲಿ ಮೀನು ಹಿಡಿದು ಮತ್ತೆ ನೀರಿಗೆ ಬಿಡುತ್ತಿದ್ದರು. ಅಲ್ಲಿ 1998ರಿಂದ 2012ರವರೆಗೆ ಬರೆದಿಟ್ಟ ಲೆಕ್ಕವನ್ನು ಸಂಶೋಧಕರು ಪರಿಶೀಲಿಸಿದಾಗ ನೀಲಿ ರೆಕ್ಕೆಯದು ಹೆಚ್ಚುತ್ತ ಹೋಗಿತ್ತು, ಡುಬ್ಬದ ಮೀನು ಅಪರೂಪವಾಗಿತ್ತು. ಒಟ್ಟು ಸಂಖ್ಯೆ ಮಾತ್ರ ನೋಡಿದವರಿಗೆ ಮಹಶೀರ್ ಚೆನ್ನಾಗಿಯೇ ಇದೆ ಎನಿಸುತ್ತಿತ್ತು.

ಇತ್ತ ಕೇರಳದ ಪಾಂಬಾರ್ ಹೊಳೆಯ ಮೀನೊಂದನ್ನು ವಿಜ್ಞಾನಿಗಳು 2007ರಲ್ಲಿ ‘ಟಾರ್ ರೆಮಾದೇವಿಯೈ’ ಎಂದು ಹೊಸ ಜಾತಿಯಾಗಿ ವರ್ಣಿಸಿದ್ದರು. ಪಾಂಬಾರ್ ಕೂಡ ಕಾವೇರಿ ಬಳಗದ ಹೊಳೆಯೇ. ಡಿಎನ್‌ಎ ಮತ್ತು ಅಂಗರಚನೆಯ ಹೋಲಿಕೆಯಿಂದ ಡುಬ್ಬದ ಮಹಶೀರ್ ಇದೇ ಎಂದು 2018ರಲ್ಲಿ ಸ್ಪಷ್ಟವಾಯಿತು. ಅದೇ ವರ್ಷ ಅದು ಅಳಿವಿನ ತೀವ್ರ ಅಪಾಯದಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಗೂ ಸೇರಿತು. ಹೆಸರಿಲ್ಲದ ಜೀವಿಗೆ ಆ ಪಟ್ಟಿಯಲ್ಲಿ ಜಾಗವಿರಲಿಲ್ಲ.

ಶೃಂಗೇರಿಯ ತುಂಗೆಯಲ್ಲಿ, ರಾಮನಾಥಪುರದ ಕಾವೇರಿಯಲ್ಲಿ ಮೀನು ದೇವರದೆಂದು ಜನ ಕಾಯುತ್ತ ಬಂದಿದ್ದಾರೆ. ಆ ಭಕ್ತಿಗೆ ಈಗ ವಿವೇಕವೂ ಜೊತೆಯಾಗಬೇಕು. ಮೋಯಾರ್‌ನಂಥ ಹೊಳೆಗಳಲ್ಲಿ ಬಿಳಿಮೀನು ಇನ್ನೂ ಉಳಿದಿದೆ. ಅಲ್ಲಿ ನೀರು ಹರಿಯಲಿ, ಸಿಡಿಮದ್ದು ನಿಲ್ಲಲಿ. ಯಾವ ಮರಿಯನ್ನೇ ಆಗಲಿ, ಯಾವ ಹೊಳೆಯದೆಂದು ಕೇಳದೆ ನೀರಿಗೆ ಬಿಡುವುದು ಬೇಡ.